ಮಂಗಳವಾರ, ಮೂರನೇ ಪೀರಿಯಡ್ಡು

ಗ್ಯುಮ್ರಿಯ ಈ ಕರಿಕಲ್ಲಿನ ಶಾಲೆಗೆ
ನಾನು ನರ್ಸು.
ಒಂದು ಮಂಚ, ಒಂದು ತೂಕದ ಯಂತ್ರ,
ಪಾದರಸದ ಹಳೇ ಥರ್ಮಾಮೀಟರು,
ಕಿಟಕಿಗೆ ತೂಗಿದ ಬೆಟ್ಟದ ಥೈಮ್ ಸೊಪ್ಪಿನ ಕಟ್ಟು.
ಮೇಷ್ಟ್ರುಗಳ ಸಭೆಯಲ್ಲಿ ನನಗೂ ಒಂದು ಕುರ್ಚಿ ಹಾಕುತ್ತಾರೆ:
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಆದರೆ ನನ್ನ ರಿಜಿಸ್ಟರಿಗೆ ಗೊತ್ತಿರುವುದು
ಹೆಡ್‌ಮಾಸ್ಟರಿಗೂ ಗೊತ್ತಿಲ್ಲ.
ಸೋಮವಾರ ಒಬ್ಬ, ಮೂಗಿನಲ್ಲಿ ರಕ್ತ.
ಬುಧವಾರ ಯಾರೂ ಇಲ್ಲ.
ಮಂಗಳವಾರ ಮೂರನೇ ಪೀರಿಯಡ್ಡಿಗೆ ಏಳು ಜನ,
ಏಳೂ ಒಂಬತ್ತನೇ ಕ್ಲಾಸು.

ಎರನುಹಿಗೆ ಹೊಟ್ಟೆಯ ಎಡಕ್ಕೆ ನೋವು,
ಕಳೆದ ವಾರ ಬಲಕ್ಕಿತ್ತು.
ಸಮಚಿಹ್ನೆ ದಾಟಿ ಪಕ್ಷಾಂತರ ಮಾಡಿರಬೇಕು.
ಲೆವೋನನ ಅಂಗೈ ಮುಟ್ಟಿದರೆ
ಹಿಮದಲ್ಲಿ ಯಾರೋ ಬಿಟ್ಟುಹೋದ ಕೈಗವಸು.
ನೂನೆ ಮಾತಾಡುವುದಿಲ್ಲ,
ಮಂಚದ ತುದಿಗೆ ಕೂತು ಬೆರಳು ಮಡಚುತ್ತಾಳೆ,
ಗಂಟೆ ಹೊಡೆಯಲು ಇನ್ನೆಷ್ಟು ನಿಮಿಷ.
ಎಲ್ಲರ ಮೈಯೂ ಮೂವತ್ತಾರು ಪಾಯಿಂಟ್ ಆರು.
ಸುಳ್ಳು ಹೇಳುತ್ತಿಲ್ಲ ಅವರು.
ನೋವು ಇದೆ.
ಪಾದರಸಕ್ಕೆ ಅದರ ಮನೆ ಗೊತ್ತಿಲ್ಲ, ಅಷ್ಟೆ.

ನನಗೆ ಗೊತ್ತು.
ಹದಿನೈದರಲ್ಲಿ ನಾನೂ ಬೋರ್ಡಿನ ಮುಂದೆ ನಿಂತಿದ್ದೆ
ಸೀಮೆಸುಣ್ಣ ಬೆವರಿಗೆ ಮೆತ್ತಗಾಗುವವರೆಗೆ.
ಬೆನ್ನ ಹಿಂದೆ ಮೂವತ್ತು ಜನರ ಉಸಿರು,
ಒಬ್ಬನ ನಗು.
ಲೆಕ್ಕ ಮರೆತುಹೋಗಿದೆ.
ನಗು ಇದೆ.

ತತುಲ್ ಮೊದಲ ಸಲ ಬಂದದ್ದು ಫೆಬ್ರವರಿಯಲ್ಲಿ.
ಚಹಾಕ್ಕೆ ನೀರಿಡಲು ನಾನು ಅತ್ತ ತಿರುಗಿದಾಗ
ಇತ್ತ ಥರ್ಮಾಮೀಟರನ್ನು ಹೀಟರಿಗೆ ಒತ್ತಿದ.
ನಲವತ್ತೆರಡು. ಕೊನೆಯ ಗೆರೆ.
"ಇಷ್ಟು ಏರಿದವರನ್ನು ಕ್ಲಾಸಿಗೂ ಕಳಿಸುವುದಿಲ್ಲ, ಮನೆಗೂ ಕಳಿಸುವುದಿಲ್ಲ,
ನಾಲ್ಕು ಜನ ಎತ್ತಿಕೊಂಡು ಹೋಗುತ್ತಾರೆ ಮರಿ" ಎಂದೆ.
ಅವನು ನಾಚಲಿಲ್ಲ. ಕೇಳಿದ:
"ಹಾಗಾದರೆ ಎಷ್ಟಿರಬೇಕಿತ್ತು, ಟಿಕಿನ್ ಶೋಗಿಕ್?"

ಬಾಯಿ ತಪ್ಪಿ ಹೇಳಿಬಿಟ್ಟೆ.
ಮೂವತ್ತೇಳೂವರೆ ದಾಟಿದರೆ ಮನೆಗೆ,
ಮೂವತ್ತೊಂಬತ್ತು ಮುಟ್ಟಿದರೆ ಆಂಬುಲೆನ್ಸಿಗೆ.
ನನ್ನ ಚೀಟಿ ಪುಸ್ತಕದ ಬೆನ್ನಿಗೆ ಅವನು ಒಂದು ಗೀಟು ಎಳೆದ,
ಎರಡು ಸೊನ್ನೆ ಇಟ್ಟ,
ನಡುವಿನದನ್ನು ಪೆನ್ಸಿಲಿನಿಂದ ತೀಡಿ ತೀಡಿ ಕಪ್ಪು ಮಾಡಿದ.
"ಇದರೊಳಗೆ ಎಲ್ಲಿದ್ದರೂ ನಡೆಯುತ್ತೆ.
ಎರಡು ತುದಿಯೂ ಸೇರೋದಿಲ್ಲ, ಅಲ್ವಾ?
ಹಾಗಾದರೆ ಈ ಸೊನ್ನೆಗಳ ಹೊಟ್ಟೆ ಖಾಲಿ ಇರಲಿ."
ಕೈ ನಡುಗಲಿಲ್ಲ.
ನಾನು ಅವನ ಕೈಯನ್ನೇ ನೋಡುತ್ತಿದ್ದೆ.

ಗಂಟೆ ಹೊಡೆದ ಮೇಲೆ ಪಾರ್ಗೆವ್ ಮೇಷ್ಟ್ರು ಬಂದರು,
ತೋಳಿನ ತುಂಬಾ ಸೀಮೆಸುಣ್ಣ,
ತಪ್ಪಿಸಿಕೊಂಡ ಏಳು ಹೆಸರಿನ ಪಟ್ಟಿ.
ಮೇಜಿನ ಮೇಲಿನ ಚೀಟಿ ಕಂಡು ನಿಂತರು.
"ಇದು ಯಾರದು?"
ಜ್ವರದ ಲೆಕ್ಕ, ಎಂದೆ.
ತಿರುಗಿಸಿ ತಿರುಗಿಸಿ ನೋಡಿದರು.
ಆಮೇಲೆ, ಮೆಲ್ಲಗೆ, ನೂನೆ ಕೂರುವ ಜಾಗದಲ್ಲೇ ಕೂತು
ತೋಳು ಮಡಚಿದರು.
"ಬಿ.ಪಿ. ನೋಡ್ತೀರಾ?
ಮಂಗಳವಾರ ಆ ಬಾಗಿಲು ತೆರೆಯುವ ಮುಂಚೆ
ನನಗೂ ಒಂಥರಾ ಆಗುತ್ತೆ.
ನಾನು ಒಳಗೆ ಬಂದರೆ ಮಕ್ಕಳ ಮುಖ ಆರಿಹೋಗುತ್ತೆ."
ನೂರ ಅರವತ್ತು, ಕೆಳಗೆ ನೂರು.
ಇನ್ನೊಂದು ಕಪ್ಪಿಗೆ ಚಹಾ ಸುರಿದೆ.

ಮರುವಾರ ತತುಲ್ ಮತ್ತೆ ಬಂದ.
ಮೂವತ್ತೆಂಟು ಪಾಯಿಂಟ್ ಎರಡು.
ಅಚ್ಚುಕಟ್ಟಾದ ಕೆಲಸ.
ರಿಜಿಸ್ಟರಿನಲ್ಲಿ ಬರೆದುಕೊಂಡೆ.
ಮನೆಗೆ ಹೋಗಪ್ಪ, ಎಂದೆ; ಮಾತು ಕೊಟ್ಟಾಗಿತ್ತಲ್ಲ.
ಅವನು ಬಾಗಿಲಲ್ಲೇ ನಿಂತು
ಬೂಟಿನ ತುದಿಯಿಂದ ನೆಲ ಕೆದಕುತ್ತ
"ಪೀರಿಯಡ್ಡು ಇನ್ನೂ ಎಷ್ಟು ನಿಮಿಷ ಇದೆ?" ಎಂದ.

ಹದಿನೆಂಟು.

ಅವನು ಎತ್ತ ತಿರುಗಿದನೋ
ನಾನು ಇಣುಕಿ ನೋಡಲಿಲ್ಲ.
ಒಳಗೆ ಇನ್ನೂ ಆರು ಜನ ಇದ್ದರು,
ಚಹಾ ಆರುತ್ತಿತ್ತು.