ಚಕ್ಕುಬಂದಿ

ಏಳು ವಾರದಿಂದ ನಮ್ಮ ರವಿವಾರಗಳೆಲ್ಲ
ದಲಾಲಿ ಬಸಲಿಂಗನ ಬೈಕಿನ ಹಿಂದೆ.
ರಾಯಚೂರಿನ ಬಿಸಿಲಿಗೆ ಸ್ಕೂಟಿಯ ಸೀಟು ರೊಟ್ಟಿಹಂಚು.
ಟವೆಲ್ಲು ಹಾಸಿ ‘ಕೂಡು ಸೂಗಮ್ಮ’ ಅನ್ನುತ್ತೀ ನೀನು,
ಮದುವೆಯಾಗಿ ಎರಡು ವರ್ಷ ನಾಲ್ಕು ತಿಂಗಳು,
ಮೂರು ಬಾಡಿಗೆ ಮನೆ.

ಆಶಾಪುರ ರಸ್ತೆಯಲ್ಲಿ ಸುಣ್ಣದ ಗೆರೆ ಎಳೆದ ಎರೆ ನೆಲ,
ಮೊನ್ನೆ ಮೊನ್ನೆ ಹತ್ತಿ ಬಿಡಿಸಿದ್ದು.
‘ಇಲ್ಲಿ ಪಾರ್ಕು, ಇಲ್ಲಿ ಸಾಲಿ, ಇಲ್ಲಿ ಗುಡಿ’
ಬಸಲಿಂಗ ಬೆರಳಾಡಿಸಿ ಗಾಳಿಯಲ್ಲೇ ಊರು ಕಟ್ಟಿದ.
ಇಲ್ಲದ ಆ ಗುಡಿಯ ಮುಂದೆ
ಚಪ್ಪಲಿ ಬಿಡುವವನ ಹಾಗೆ ನಿಂತುಬಿಟ್ಟೆ ನೀನು.
ಆಮೇಲೆ ಅವನು ನೀರು ಕುಡಿದು, ಬಾಟಲಿಯ ಮುಚ್ಚಳ ತಿರುವುತ್ತ
‘ತಪ್ಪ್ ತಿಳಕಬ್ಯಾಡ್ರಿ, ಬಾಜೂ ಸೈಟಿನವ್ರು ಕೇಳ್ತಾರ,
ನಿಮ್ದು ಯಾ ಪೈಕಿ?’
ಮುಚ್ಚಳ ಬಿಗಿಯಾದ ಮೇಲೂ ತಿರುವುತ್ತಲೇ ಇದ್ದ.

ಯರಮರಸಿನ ಮನೆಗೆ ಪೈಕಿ ಬೇಕಿರಲಿಲ್ಲ, ರೊಕ್ಕ ಸಾಕಿತ್ತು.
ಎರಡು ಕೋಣೆ, ಅಡುಗೆಕಟ್ಟೆಗೆ ಕನ್ನಡಿಯಂಥ ಕಪ್ಪುಕಲ್ಲು.
ಕಿಟಕಿಯ ಅಂಚಿಗೆ ಬೆರಳೆಳೆದೆ.
ನಿನ್ನ ಅಂಗಿಯ ಕಾಲರಿನಿಂದ ದಿನಾ ನಾನು ಉಜ್ಜಿ ತೆಗೆಯುವ ಬೂದಿ,
ಪಾಳಿ ಮುಗಿಸಿ ನೀನು ಬರುವ ಮೊದಲೇ
ಬಂದು ಕೂತಿತ್ತು.

ಕೋಟೆಯೊಳಗಿನದು ನಮ್ಮ ಲೆಕ್ಕದಲ್ಲೇ ಇರಲಿಲ್ಲ.
ನನ್ನ ಜೊತೆ ಥಿಯೇಟರಿನಲ್ಲಿ ದುಡಿಯುವ ಮೆಹಜಬೀನ್ ಹೇಳಿದ್ದು.
ಆ ಓಣಿಯಲ್ಲಿ ಸ್ಕೂಟಿ ಹೋಗುತ್ತದೆ, ಕಪಾಟು ಹೋಗುವುದಿಲ್ಲ.
ಮೊಳದಗಲ ಕಲ್ಲುಗೋಡೆ; ಒಳಗೆ
ಮೇ ತಿಂಗಳ ಸುದ್ದಿ ಇನ್ನೂ ಮುಟ್ಟಿರಲಿಲ್ಲ.
ಬಾಗಿಲು ದಕ್ಷಿಣಕ್ಕೆ ಎಂದಾಗ ನಿಮ್ಮವ್ವ
ಫೋನಿನಲ್ಲಿ ಎಷ್ಟೋ ಹೊತ್ತು ಕೆಮ್ಮಿದಳು.

ಪತ್ರ ಉರ್ದುವಿನಲ್ಲಿತ್ತು, ನಿಜಾಮನ ಕಾಲದ್ದು.
ತೀನ್ ಕಂದೀಲಿನ ಬಳಿ ಗಡಿಯಾರ ರಿಪೇರಿಯ ಮುನೀರ್ ಚಾಚಾ
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಓದಿದರು:
ಪೂರ್ವಕ್ಕೆ ಸೀನೀರ ಬಾವಿ,
ಪಶ್ಚಿಮಕ್ಕೆ ಮಾರಿದವನ ಉಳಿದ ಮನೆ,
ದಕ್ಷಿಣಕ್ಕೆ ಆಮ್ ರಸ್ತಾ,
ಉತ್ತರಕ್ಕೆ ಬೇವಿನ ಮರ, ಅದರ ನೆರಳು ಸಹಿತ.
‘ನೆರಳೂ ಬರದಾರೇನ್ರಿ?’ ಅಂದೆ ನೀನು.
‘ಇಲ್ಲ, ಅದು ನಾ ಸೇರಿಸಿದ್ದು’ ಎಂದು ನಕ್ಕರು.
ಮರ ಈಗಿಲ್ಲ. ಮಾರಿದವನಿಲ್ಲ.
ಬಾವಿಯ ಮೇಲೆ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಯಾರದೋ ಕೂಲರ್.

ತುರ್ತು ಹೆರಿಗೆಗೆ ನನಗೆ ಕರೆ ಬರುವುದು ನಡುರಾತ್ರಿ.
ನಿನ್ನದು ರಾತ್ರಿ ಪಾಳಿಯಾದರೆ ಮರಳುವುದು ನಾನೊಬ್ಬಳೇ.
ಅದಕ್ಕೇ, ಕೊನೆಗೆ, ಮೂರೂ ಜಾಗಕ್ಕೆ
ರಾತ್ರಿ ಮೂರು ಗಂಟೆಗೆ ಹೋಗಿ ನೋಡಿದೆವು.
ಪಾರ್ಕಿನ ಬೋರ್ಡಿನ ಕೆಳಗೆ ಏಳು ನಾಯಿ.
ಯರಮರಸಿನಲ್ಲಿ ಸ್ಥಾವರದ ದೀಪಗಳು, ಮದುವೆಮನೆಯ ಹಾಗೆ,
ಒಂದು ನರಪಿಳ್ಳೆ ಇಲ್ಲ.
ಕೋಟೆಯ ಓಣಿಯಲ್ಲಿ ನೀನು ದೂರ ನಿಂತೆ, ನಾನು ನಡೆದೆ.
ಸೆಖೆಗೆ ಹೊರಗೆ ಮಂಚ ಹಾಕಿಕೊಂಡ ಮುದುಕಿ
ಕತ್ತಲಿಗೇ ಕೇಳಿದಳು, ‘ಯಾರವ್ವಾ ಅದು, ಇಷ್ಟೊತ್ತಿನಾಗ?’
‘ಸೂಗಮ್ಮ.’
‘ಯಾ ಸೂಗಮ್ಮ?’
ಏನು ಹೇಳಲಿ. ಎದೆ ಬಾಟಲಿಯ ಮುಚ್ಚಳದಂತೆ ತಿರುಗಿತು.
‘ದವಾಖಾನಿ ಸೂಗಮ್ಮ.’
‘ಹೂಂ. ಬಾಗಿ ನಡಿ, ವಾಯರ್ ಜೋತಾವ’
ಎಂದು ಮಗ್ಗುಲು ಬದಲಿಸಿದಳು.
ಹಗಲಾದ ಮೇಲೆ ಅವಳೂ ಕೇಳಬಹುದು, ಗೊತ್ತು.

ನೋಂದಣಿ ಕಚೇರಿಯ ಹುಡುಗ ಕೀಲಿಮಣೆಯ ಮೇಲೆ ಕೈಯಿಟ್ಟು
‘ಪೂರ್ವಕ್ಕ?’ ಅಂದ.
‘ಬಾವಿ’ ಅಂದೆ ನಾನು.
‘ಬಾವಿ ಎಲ್ಲೈತ್ರಿ ಈಗ?’
ಮೌನೇಶ, ಹೆಸರಿಗೆ ತಕ್ಕಂತೆ
ಬೆಳಗಿನಿಂದ ಬಾಯಿ ಬಿಡದೆ ಕೂತಿದ್ದ ನೀನು
ಅಂದೆ:
‘ಕೆಳಗೈತಿ. ಬರಿ.’