ಹದಿನೇಳನೆಯ ಪ್ರಶ್ನೆ

ಗ್ಲಾಸ್ಗೋ. ಐದನೇ ಮಹಡಿ. ಮೂರೂವರೆಗೇ ಕತ್ತಲು.
ಕ್ಲೈಡ್ ನದಿಯ ಸೇತುವೆಗೆ ದೀಪ ಹತ್ತುವ ಹೊತ್ತಿಗೆ
ನನ್ನ ಮೇಜಿಗೆ ಬಂತು ಜೋಲಿಯನ್ ಪೆಂಡರನ ಕಡತ.

ಕಟ್ಟಡ ವಿನ್ಯಾಸ ಓದಿದವ. ವಿದ್ಯಾರ್ಥಿ ಸಾಲ ನಲವತ್ತೊಂದು ಸಾವಿರ ಪೌಂಡು.
ಹನ್ನೊಂದು ವರ್ಷದಲ್ಲಿ ತೀರಿಸಿದ್ದು ಸೊನ್ನೆ.
ಕಂಪನಿ ಅವನದೇ; ಒಡೆಯನೂ ಅವನೇ, ಆಳೂ ಅವನೇ.
ಒಡೆಯ ಆಳಿಗೆ ಕೊಡುವ ಸಂಬಳ
ಕಂತು ಶುರುವಾಗುವ ಗೆರೆಗಿಂತ
ಪ್ರತಿ ವರ್ಷ ಒಂದೇ ಒಂದು ಪೌಂಡು ಕಮ್ಮಿ.
ಗೆರೆ ಏರಿದ ವರ್ಷ ಸಂಬಳವೂ ಏರಿದೆ,
ಯಜಮಾನನ ಹಿಂದೆ ನಡೆವ ನಾಯಿಯ ಹಾಗೆ, ಅಷ್ಟೇ ದೂರದಲ್ಲಿ.
ಮನೆ ಕಂಪನಿಯದು. ಕಾರು ಕಂಪನಿಯದು.
ಫಾಲ್ಮತ್ ಬಂದರಿನಲ್ಲಿ ತೂಗುವ ಬಿಳಿ ದೋಣಿ
ಅದೂ ಕಂಪನಿಯದೇ, ‘ಗ್ರಾಹಕರ ಸಭೆಗಾಗಿ’.

ಒಂದೂ ಸುಳ್ಳಿಲ್ಲ. ಅದೇ ಕಷ್ಟ.
ಸುಳ್ಳಿದ್ದರೆ ಹಿಡಿಯಬಹುದಿತ್ತು.
ನಾವು ಚಾಪೆ ಎತ್ತಿ ನೋಡುವಷ್ಟರಲ್ಲಿ
ಇಂಥವರು ರಂಗೋಲಿ ಕೆಳಗೆ ತೂರಿಯಾಗಿರುತ್ತದೆ.

ಫಾರಮಿಗೆ ಒಂದು ಪ್ರಶ್ನೆ ಸೇರಿಸು ಅಂದಳು ಮೊರಾಗ್.
ಸೇರಿಸಿದೆ:
‘ಸಂಬಳವಲ್ಲದೆ, ಯಾರಿಂದಲಾದರೂ, ಯಾವ ರೂಪದಲ್ಲಾದರೂ
ನಿಮಗೆ ಸಂದದ್ದೆಷ್ಟು?’
ಆ ಎರಡು ‘ಆದರೂ’ಗಳನ್ನು ಒಪ್ಪಲು
ವಕೀಲರಿಗೆ ನಾಲ್ಕು ದಿನ ಬೇಕಾಯಿತು.
ನನಗೆ ಒಳಗೊಳಗೇ ಹೆಮ್ಮೆ.
(ನನ್ನ ಸಂಬಳದಿಂದಲೂ ಕಂತು ಹೋಗುತ್ತದೆ,
ಕೈಗೆ ಬರುವ ಮುಂಚೆಯೇ, ನನ್ನನ್ನು ಕೇಳದೆ.)

ಪೆಂಡರನ ಉತ್ತರ ಲೆಕ್ಕಿಗನ ಮೂಲಕ ಬಂತು:
‘ಅನ್ವಯಿಸುವುದಿಲ್ಲ.’

ಅದೇ ಟಪಾಲಿನಲ್ಲಿ ಡಂಡೀಯಿಂದ ಐಲಿದ್ ಮಕ್ರೇ,
ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ,
ನೀಲಿ ಶಾಯಿ, ಅಂಚಿನವರೆಗೂ ಅಕ್ಷರ:
‘ಚಿಕ್ಕಮ್ಮ ಕೊಟ್ಟ ಹಳೇ ಕೋಟು, ಒಂದು.
ಪಕ್ಕದ ಮನೆಯ ಮಗು ನೋಡಿಕೊಂಡದ್ದಕ್ಕೆ
ವಾರಕ್ಕೆ ಆರು ಮೊಟ್ಟೆ.
ಬೆಲೆ ಎಷ್ಟೆಂದು ಬರೆಯಲಿ?
ಚಳಿಗಾಲದಲ್ಲಿ ಕೋಳಿ ಸರಿಯಾಗಿ ಇಡುವುದಿಲ್ಲ.
ತಪ್ಪಾಗಿದ್ದರೆ ದಯವಿಟ್ಟು ದಂಡ ಹಾಕಬೇಡಿ.’

ನನ್ನ ಎರಡು ‘ಆದರೂ’ಗಳು
ದೋಣಿಯನ್ನು ಬಿಟ್ಟು
ಈ ಬುಟ್ಟಿಗೆ ಕೈ ಹಾಕಿದ್ದವು.

ಚೌಕ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗದು.
ಮೊರಾಗ್ ಚಹಾಕ್ಕೆ ಎದ್ದಾಗ
ಐಲಿದಳ ಹೆಸರಿನ ಮುಂದೆ ಸೊನ್ನೆ ಒತ್ತಿದೆ.
ದುಂಡಗೆ, ತುಸು ಉದ್ದಕ್ಕೆ,
ಮೊಟ್ಟೆಯ ಹಾಗೇ ಕೂತಿತು.

ಪೆಂಡರನ ಸೊನ್ನೆಯೂ ಅದೇ ಅಚ್ಚು,
ಪರದೆಯ ಮೇಲೆ ಗುರುತು ಸಿಗುವುದಿಲ್ಲ.

ನಾಳೆ ಹದಿನೆಂಟನೆಯದನ್ನು ಬರೆಯಬೇಕು. ಇನ್ನೂ ಸಣ್ಣದಾಗಿ.
ದೋಣಿ ಹತ್ತಿದ ಗ್ರಾಹಕರ ಹೆಸರು, ತಾರೀಖು,
ಮತ್ತು ಅವತ್ತು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು.