ಮೀನಿಗೆ ಹೋಗಿದ್ದಾನೆ

ಬೆಳಿಗ್ಗೆ ಒಬ್ಬೊಬ್ಬರೂ ಒಂದೊಂದು ಕಟ್ಟಿಗೆ
ಕಂಕುಳಲ್ಲಿ ಒತ್ತಿಕೊಂಡು ಬರಬೇಕು, ಅದೇ ನಮ್ಮ ಫೀಸು.
ಹಸಿ ಕಟ್ಟಿಗೆ ತಂದವನು ಒಲೆಯಿಂದ ದೂರ ಕೂರತಕ್ಕದ್ದು
ಎಂಬುದು ಊರ ರೂಢಿ.
ಮಿಸ್ ರಿಡೌಟ್ ಬಂದ ಮೊದಲ ವಾರವೇ ತಿರುವುಮುರುವು ಮಾಡಿದರು:
ಹಸಿ ತಂದನೆಂದರೆ ಅವನ ಮನೆಯಲ್ಲಿ ಒಣಗಿದ್ದು ಇಲ್ಲವೆಂದು,
ಅವನೇ ಒಲೆಯ ಮಗ್ಗುಲಲ್ಲಿ ಕೂರಲಿ.

ನಾನು ಆರು ವರ್ಷ ಒಲೆಯ ಮಗ್ಗುಲಲ್ಲಿ ಕೂತೆ.

ಗನ್ನರ್ಸ್ ಟಿಕಲ್. ಹದಿನೇಳು ಮನೆ,
ಹೆಣ ಹೂಳಲೂ ಮಣ್ಣು ಸಾಲದ ಬಂಡೆ,
ಮೂರು ಕಡೆ ಕಡಲು, ನಾಲ್ಕನೆಯ ಕಡೆ ಮಂಜು.
ಶಾಲೆಯ ನ್ಯೂಫೌಂಡ್‌ಲ್ಯಾಂಡ್ ನಕ್ಷೆಯಲ್ಲಿ ನಮ್ಮೂರೇ ಇರಲಿಲ್ಲ.
ತುರುಬಿನ ಪಿನ್ನು ಕಿತ್ತು ಅಲ್ಲೊಂದು ತೂತು ಕೊರೆದರು,
"ಈಗ ಇದೆ," ಎಂದರು.
ಕಿಟಕಿಗೆ ಹಿಡಿದು ನೋಡಿದರೆ
ಅಷ್ಟು ದೊಡ್ಡ ದ್ವೀಪದಲ್ಲಿ
ಬೆಳಕು ಬರುವ ಊರು ಅದೊಂದೇ.

ಡಿಸೆಂಬರಿನಲ್ಲಿ ಕಡಲು ಹೆಪ್ಪುಗಟ್ಟಿ ಹಡಗು ನಿಂತಿತೆಂದರೆ
ಸೀಮೆಸುಣ್ಣ ಮುಗಿಯಿತು.
ಆಮೇಲೆ ಏಳರ ಮಗ್ಗಿ ಗಾಜಿನ ಮೇಲಿನ ಹಿಮಕ್ಕೆ, ಉಗುರಿನಲ್ಲಿ.
ಹತ್ತು ಗಂಟೆಯ ಬಿಸಿಲು ಬಂದು
ಏಳೇಳ್ಲಿ ನಲವತ್ತೊಂಬತ್ತರ ತನಕ ನೆಕ್ಕಿಬಿಡುತ್ತಿತ್ತು.
ಉಳಿದದ್ದು ಬಾಯಿಪಾಠ.

ಶವಪೆಟ್ಟಿಗೆಯ ಮುಂದೆ ನಿಂತು
ಎಲ್ಲರೂ ಒಳ್ಳೆಯವರು, ಒಳ್ಳೆಯವರು ಎಂದರು.
ಸಿಡುಕಿ ಎಂದು ಒಬ್ಬರೂ ಹೇಳಲಿಲ್ಲ. ನಾನು ಹೇಳುತ್ತೇನೆ.
ಮೂಗು ಹಿಡಿದು ಮೀನೆಣ್ಣೆ ಕುಡಿಸಿದವರು,
ನನ್ನ ಅಡ್ಡಾದಿಡ್ಡಿ ಅಕ್ಷರ ನೋಡಿ
"ಏಡಿ ಓಡಿದೆ" ಎಂದು ಸ್ಲೇಟು ಕಸಿದು ಒರೆಸಿದವರು,
ಹಾಡಲು ಬಾರದಿದ್ದರೂ ಬಿಡದೆ ಹಾಡಿದವರು.
ಇಡೀ ಕಾಡ್ ಮೀನನ್ನು ಮೇಜಿನ ಮೇಲೆ ಕೊಯ್ದು
ಮುಕ್ಕಾಲು ಎಂದರೇನೆಂದು ತೋರಿಸಿ
ಆ ಮುಕ್ಕಾಲನ್ನು ಪೆಲ್ಲಿಯ ಮಗನಿಗೆ, ಅಂದರೆ ನನಗೆ,
"ಇದನ್ನು ಮನೆಗೆ ಒಯ್ದು ಅಮ್ಮನಿಗೆ ಲೆಕ್ಕ ಒಪ್ಪಿಸು" ಎಂದವರು.

ಬೇಸಿಗೆಯ ಬಾಯಿಗೆ ಮೀನು ದಡ ಮುಟ್ಟಿದರೆ ತರಗತಿ ಅರ್ಧ ಖಾಲಿ.
ಇನ್‌ಸ್ಪೆಕ್ಟರಿಗೆ ಕಾರಣ ಬೇಕು.
ಗೈರಾದವನ ಸಾಲಿನಲ್ಲಿ ನೀಲಿ ಶಾಯಿಯಲ್ಲಿ ಬರೆಯುವರು:
ಮೀನಿಗೆ ಹೋಗಿದ್ದಾನೆ.

ಹೆಡ್ಲಿ ಪರ್ಡಿಗೆ ಹನ್ನೊಂದು.
ಅಕ್ಟೋಬರಿನಲ್ಲಿ ಅಪ್ಪನ ದೋಣಿಯಲ್ಲಿ ಹೋದ.
ದೋಣಿಯ ಒಂದು ಹಲಗೆ ಬಂತು.
ಹಾಜರಿಯಲ್ಲಿ ಅವನ ಮುಂದಿನ ಹೆಸರು ನನ್ನದು.
ಮರುದಿನ ಅವರು ಅವನನ್ನು ಕರೆಯಲಿಲ್ಲ.
ನನ್ನನ್ನೂ ತಕ್ಷಣ ಕರೆಯಲಿಲ್ಲ.
ನಡುವೆ ಪೆನ್ನು ಕಾಗದದ ಮೇಲೆ ನಡೆಯುವ ಸದ್ದು.
ವರ್ಷವಿಡೀ ಆ ಸದ್ದು ಮುಗಿದ ಮೇಲೆಯೇ
ನಾನು "ಹಾಜರ್" ಎನ್ನುತ್ತಿದ್ದೆ.

ಆಮೇಲೆ ಸರಕಾರ ಊರನ್ನೇ ಎಬ್ಬಿಸಿತು.
ಪೀಪಾಯಿ ಕಟ್ಟಿ ಮನೆಗಳನ್ನು ನೀರಿಗಿಳಿಸಿ
ದೋಣಿಗಳು ಎಳೆದುಕೊಂಡು ಹೋದವು;
ನಮ್ಮ ಅಡುಗೆಮನೆಯ ಪರದೆ ಕಡಲ ಮೇಲೆ ಹಾರಾಡಿತು.
ಶಾಲೆ ಮಾತ್ರ ಅಲ್ಲೇ ಉಳಿಯಿತು.
ಹೊಸ ಊರಿನ ಶಾಲೆಗೆ ಬಸ್ಸು, ಕೊಳವೆಯಲ್ಲಿ ಬರುವ ಶಾಖ.
ಇನ್ನೂ ಹತ್ತೊಂಬತ್ತು ವರ್ಷ ಅಲ್ಲಿ ಪಾಠ ಹೇಳಿದರು,
ಯಾರನ್ನು ಎಲ್ಲಿ ಕೂರಿಸುವುದೆಂದೇ ತಿಳಿಯುವುದಿಲ್ಲ
ಎಂದು ನನ್ನ ಬಳಿ ಒಮ್ಮೆ ದೂರಿದರು.

ಮೊನ್ನೆ ಅವರ ತಂಗಿಯ ಮಗಳು ಎಫೀ
ಬಿಸ್ಕತ್ತಿನ ಡಬ್ಬಿಯೊಂದನ್ನು ನನ್ನ ಕೈಗಿತ್ತಳು.
ಒಳಗೆ ಆ ವರ್ಷದ ಹಾಜರಿ.
ಅಕ್ಟೋಬರಿನಿಂದ ಜೂನಿನವರೆಗೆ, ಶಾಲೆ ತೆರೆದ ಪ್ರತಿ ದಿನ,
ನನ್ನ ಹೆಸರಿನ ಮೇಲಿನ ಸಾಲಿನಲ್ಲಿ:
ಮೀನಿಗೆ ಹೋಗಿದ್ದಾನೆ. ಮೀನಿಗೆ ಹೋಗಿದ್ದಾನೆ.
ಅದೇ ಎಂದು ಎರಡು ಗೀಟು ಎಳೆದಿದ್ದರೆ ಸಾಕಿತ್ತು.
ಎಳೆದಿಲ್ಲ.

ಮಣ್ಣಿಗೆ ಹೋದ ದಿನ ನಾನು ಸ್ವಲ್ಪ ತಡವಾಗಿ ಬಂದೆ.
ಕಂಕುಳಲ್ಲಿ ಬರ್ಚ್ ಮರದ ತುಂಡು ಕಂಡು
ಬಾಗಿಲಲ್ಲಿದ್ದ ಹುಡುಗ ಮೆತ್ತಗೆ ಹೇಳಿದ,
"ಅಜ್ಜ, ಇಲ್ಲಿ ಒಲೆ ಇಲ್ಲ."

ಗೊತ್ತಪ್ಪ.
ಹಸಿ ಬೇರೆ.